ಗಾಜಿನೊಳಗಿನ ಕೆಂಪು

ಬಾಗಲಕೋಟೆಯ ಹೋಟೆಲೊಂದರ ಮಹಡಿಯಲ್ಲಿ ಹೊಸ ಟ್ಯಾಬಿನ ಕಂಪನಿಯವರು ಅಂಗಡಿಯವರಾದ ನಮ್ಮನ್ನೆಲ್ಲ ಕೂಡಿಸಿ, ಊಟ ಮಾಡಿಸಿ, ಕೊನೆಗೆ ಕೈಗೊಂದು ಹಾಳೆ ಕೊಟ್ಟರು. ಮೇಲೆ ಒಂದೇ ಪ್ರಶ್ನೆ: ಮಾರುಕಟ್ಟೆಯಲ್ಲಿ ಮುಂದಿರುವ ಆ ದೊಡ್ಡ ಕಂಪನಿಯ ಟ್ಯಾಬನ್ನು ನಮ್ಮ ಟ್ಯಾಬ್ ಹಿಂದೆ ಹಾಕಬೇಕಾದರೆ ಏನು ಬೇಕು? ಬಾದಾಮಿಯ ಅಂಗಡಿಯವನು ದರ ಇಳಿಸಿ ಎಂದು ಬರೆದ. ಹುನಗುಂದದವನಿಗೆ ಬರೆಯುವಷ್ಟು ತಾಳ್ಮೆ ಇರಲಿಲ್ಲ, ಎದ್ದು ನಿಂತೇ ಹೇಳಿದ: "ರಿಪೇರಿಗೆ ಹುಬ್ಬಳ್ಳಿಗೆ ಕಳಸೂದು ಬಿಡಸ್ರಿ ಸಾಹೇಬ್ರ. ಮಾಲು ನಿಮ್ದು, ಬೈಸ್ಕೊಳ್ಳೂ ಬಾಯಿ ನಮ್ದು." ಎಲ್ಲರೂ ನಕ್ಕರು. ನಾನು ಆ ಎರಡನ್ನೂ ಬರೆದೆ. ಬ್ಯಾಟರಿ ಹೆಚ್ಚು ಹೊತ್ತು ನಿಲ್ಲಬೇಕು, ಕನ್ನಡದ ಕೀಲಿಮಣೆ ಮೊದಲೇ ಹಾಕಿರಬೇಕು ಎಂದು ಇನ್ನೆರಡು ಸೇರಿಸಿದೆ. 'ಇತರೆ' ಎಂದಿದ್ದ ಕೊನೆಯ ಸಾಲನ್ನು ಖಾಲಿ ಬಿಟ್ಟೆ. ಅಲ್ಲಿ ಬರೆಯಬೇಕಾದದ್ದು ನನಗೆ ಗೊತ್ತಿತ್ತು.

ನಾನು ಯಾರ ಕೈಕೆಳಗೂ ಕಲಿತವನಲ್ಲ. ಬಾದಾಮಿಯ ಬಸ್ ನಿಲ್ದಾಣದ ಹೊರಗೆ ಕೊಡೆ ಮಗುಚಿಟ್ಟು ಅದರೊಳಗೆ ಮೊಬೈಲ್ ಕವರ್ ಹರವಿ ಮಾರುತ್ತಿದ್ದೆ. ಗುಹೆ ನೋಡಲು ಬಂದವರ ಚಾರ್ಜು ಮುಗಿಯುವ ಹೊತ್ತು ಯಾವುದು ಎಂದು ಕಂಡುಕೊಂಡ ಮೇಲೆ ಕೇಬಲ್ಲು ಇಟ್ಟೆ. ಹಾಗೆ ಬೆಳೆದು ಇಳಕಲ್ಲಿನಲ್ಲಿ ಅಂಗಡಿ ಹಾಕಿದೆ. ವ್ಯಾಪಾರಕ್ಕೆ ಇಳಿಯುವವರು ಕೇಳಿದರೆ ಇವತ್ತಿಗೂ ಹೇಳುತ್ತೇನೆ: ಗಿರಾಕಿಯ ಬಾಯಿ ಬಿಡಿ, ಕಣ್ಣು ಎಲ್ಲಿ ನಿಲ್ಲುತ್ತದೆ ನೋಡಿ. ಈ ಬುದ್ಧಿಯೇ ಮುಂದೆ ನನ್ನ ಕೈಯಲ್ಲಿ ಕೆಟ್ಟ ಕೆಲಸ ಮಾಡಿಸಿತು.

ಹೊಸ ಟ್ಯಾಬಿನ ಏಜೆನ್ಸಿ ಸಿಕ್ಕಾಗ ಜನ ಅದನ್ನು ಮುಟ್ಟಿ ನೋಡಿ, "ಇರ್ಲಿ, ಆ ದೊಡ್ಡ ಕಂಪನಿದ ಕೊಡ್ರಿ" ಎನ್ನುತ್ತಿದ್ದರು. ನಾನೊಂದು ಉಪಾಯ ಮಾಡಿದೆ. ಎರಡನ್ನೂ ಗಾಜಿನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಎರಡರಲ್ಲೂ ಒಂದೇ ಇಳಕಲ್ ಸೀರೆಯ ಫೋಟೋ ತೆರೆದಿಟ್ಟೆ. ನಮ್ಮದರಲ್ಲಿ ಬಣ್ಣವನ್ನು ಗಾಢ ಮಾಡುವ ಒಂದು ಸೆಟ್ಟಿಂಗ್ ಇತ್ತು. ಅದನ್ನು ಪೂರ್ತಿ ಏರಿಸಿದೆ. ಅವರದರಲ್ಲಿ ಕಣ್ಣಿಗೆ ತಂಪೆಂದು ಬೆಳಕು ಇಳಿಸುವುದೊಂದಿತ್ತು. ಅದನ್ನೂ ಹಚ್ಚಿದೆ. ನಮ್ಮ ಸೆರಗು ಆಗ ಕೆಂಡದ ಹಾಗೆ ಹೊಳೆಯಿತು, ಅವರದು ಹತ್ತು ಸಲ ಒಗೆದ ಹಾಗೆ ಕಂಡಿತು. ನಾನೇನು ಹೊರಗಿನಿಂದ ತಂದು ಹಾಕಿದೆನೇ, ಎರಡೂ ಕಂಪನಿಯವರೇ ಕೊಟ್ಟ ಸೆಟ್ಟಿಂಗ್ ಎಂದು ಮನಸ್ಸಿಗೆ ಸಮಜಾಯಿಷಿ ಕೊಟ್ಟೆ. ಎರಡು ತಿಂಗಳು ನನ್ನ ಅಂಗಡಿಯಲ್ಲಿ ನಮ್ಮ ಟ್ಯಾಬೇ ಮುಂದಿತ್ತು.

ಹಿಂದಿನ ಓಣಿಯ ಅಕ್ಕ ಬಂದದ್ದು ಆಗಲೇ. ಅವರ ಮನೆಯಲ್ಲಿ ಎರಡು ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವಂಥವು. ಒಂದರಲ್ಲಿ ಅವರು, ಇನ್ನೊಂದರಲ್ಲಿ ಅವರ ನಾದಿನಿ. ಪವರ್‌ಲೂಮಿನ ಸೀರೆಯ ಮುಂದೆ ಎರಡನೆಯ ಮಗ್ಗಕ್ಕೆ ಕೆಲಸ ಸಿಗುವುದು ಕಷ್ಟವಾಗಿತ್ತು. ಪುಣೆಯ ಒಬ್ಬ ಸೀರೆ ವ್ಯಾಪಾರದ ಹೆಣ್ಣುಮಗಳು ತನ್ನ ಅಜ್ಜಿಯ ಹಳೆಯ ಇಳಕಲ್ ಸೀರೆಯ ಫೋಟೋ ಕಳಿಸಿ, ಮನೆಯ ಮದುವೆಗೆಂದು ಸೆರಗಿಗೆ ಅದೇ ಕೆಂಪು ಹಾಕಿ ಎಂಟು ಸೀರೆ ನೇಯ್ದು ಕೊಡಲು ಕೇಳಿದ್ದಳು.

"ಈ ಎಂಟು ಮನಸ್ಸಿಗೆ ಬಂದ್ರ ವರ್ಷಪೂರ್ತಿ ನನಗ ಕೆಲಸ ಕೊಡ್ತಾಳಂತ ತಮ್ಮಾ. ಇಲ್ಲಂದ್ರ ನಾದಿನಿ ಮಗ್ಗ ಕೀಳೂದ," ಎಂದರು.

ಅವರ ಕೈಯಲ್ಲಿ ಆ ದೊಡ್ಡ ಕಂಪನಿಯದೇ ಹಳೆಯ ಟ್ಯಾಬ್ ಇತ್ತು, ಒಂದು ಮೂಲೆ ಸೀಳಿತ್ತು. ಸೀಳಿದ ಗಾಜು ಬದಲಿಸಲು ಎಷ್ಟಾಗುತ್ತದೆ ಎಂದು ಕೇಳಲು ಬಂದಿದ್ದರು. ನಾನು ಮೇಜಿನ ಕಡೆ ಕೈ ತೋರಿಸಿದೆ. ಅವರ ಕಣ್ಣು ನಮ್ಮ ಟ್ಯಾಬಿನ ಮೇಲೆ ನಿಂತಿತು.

"ಇದರಾಗ ಭಾಳ ಚೊಲೋ ಕಾಣತೈತಲ್ಲ."

"ಖರೆ ಬಣ್ಣ ಅಂದ್ರ ಇದರಿ ಅಕ್ಕಾರ. ಹಳೇದು ಕೊಡ್ರಿ, ಬದಲಿಗೆ ಇದನ್ನ ಒಯ್ಯರಿ."

ಅಕ್ಕನದು ಮೊದಲಿನಿಂದ ಒಂದು ಪದ್ಧತಿ ಇತ್ತು. ಬಣ್ಣ ಹೊಂದಿಸುವ ಕೆಲಸ ಬಂದರೆ ಗಿರಾಕಿಯಿಂದ ಹಳೆಯ ಸೀರೆಯ ಒಂದು ಎಳೆ ತರಿಸುತ್ತಿದ್ದರು. ಗೇಣುದ್ದದ ಎಳೆಯಾದರೂ ಸಾಕು. ಅದನ್ನು ಹಾಳೆಗೆ ಅಂಟಿಸಿ ಬಣ್ಣ ಹಾಕುವ ಕಾಕಾನಿಗೆ ಕೊಡುತ್ತಿದ್ದರು. ಅಂಥ ಎಳೆಗಳು ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಇದ್ದವು. ಈ ಸಲವೂ ಎಳೆ ಬರಲಿ, ನಾಲ್ಕು ದಿನ ಕಾಯೋಣ ಎಂದರು. ಯಾರೂ ಕೇಳದಿದ್ದರೂ ಸಲಹೆ ಕೊಡುವ ಚಟ ನನಗೆ.

"ಕಾಜಿನ್ಯಾಗ ಬಣ್ಣ ನೋಡೂ ಕಾಲ ಬಂದೈತ್ರಿ ಅಕ್ಕಾರ. ಬಣ್ಣದ ನೂಲಿನ ಲಡಿ ಇದರ ಬಾಜೂಕ ಹಿಡೀರಿ, ಎರಡೂ ಒಂದ ಕಂಡ್ರ ಮುಗೀತು. ಎಳಿ ಬರೂದರಾಗ ಅರ್ಧ ಸೆರಗು ನೇಯ್ತೀರಿ."

ಟ್ಯಾಬ್ ಕೊಡುವಾಗ ಆ ಸೆಟ್ಟಿಂಗ್ ಇಳಿಸಬಹುದಿತ್ತು. ಮನೆಗೆ ಹೋದ ಮೇಲೆ ಮೊದಲಿನಷ್ಟು ಹೊಳೆಯದಿದ್ದರೆ ತಿರುಗಿ ತಂದಾರು ಎಂದು ಬಿಟ್ಟೆ.

ಅಕ್ಕ ಎಳೆಗೆ ಕಾಯದೆ ಕಾಕಾನಿಂದ ಬಣ್ಣ ಹಾಕಿಸಿದರು. ಒಂದೂವರೆ ತಿಂಗಳು ಎರಡು ಮಗ್ಗವೂ ನಡೆದವು. ಓಣಿಯಲ್ಲಿ ಹಾದು ಹೋಗುವಾಗ ಮಗ್ಗದ ಸಪ್ಪಳ ಕೇಳಿ, ನನ್ನ ಟ್ಯಾಬಿನದೇ ಕೆಲಸ ಎಂದು ಬೀಗುತ್ತಿದ್ದೆ. ಸೀರೆಗಳು ಪುಣೆಗೆ ಹೋದವು. ಕೆಂಪು ಹೊಂದಲಿಲ್ಲವೆಂದು ಎಂಟು ದಿನಕ್ಕೆ ಎಂಟೂ ತಿರುಗಿ ಬಂದವು.

ಅಕ್ಕ ಆ ಗಂಟನ್ನು ಅಂಗಡಿಗೇ ತಂದರು. ಜಗಳಕ್ಕಲ್ಲ. "ನಿನ್ನ ಹಂತ್ಯಾಕ ನನ್ನ ಹಳೇ ಟ್ಯಾಬ್ ಐತೇನು? ಒಮ್ಮೆ ಅದರಾಗ ನೋಡೂಣು," ಎಂದರು. ಕಪಾಟಿನಿಂದ ತೆಗೆದುಕೊಟ್ಟೆ. ಪುಣೆಯವಳು ಕಳಿಸಿದ್ದ ಅದೇ ಫೋಟೋ ತೆರೆದರು. ಸೆರಗು ಅದರಲ್ಲಿ ಮಾಸಿದ ಕುಂಕುಮದ ಹಾಗಿತ್ತು. ಗಂಟಿನ ಜೊತೆ ಪುಣೆಯವಳು ಒಂದು ಚೀಟಿ ಇಟ್ಟಿದ್ದಳು. ಅದಕ್ಕೆ ಅಜ್ಜಿಯ ಸೀರೆಯ ಒಂದು ಎಳೆ ಅಂಟಿಸಿದ್ದಳು. ಅಕ್ಕ ಆ ಎಳೆಯನ್ನು ಸೀಳಿದ ಗಾಜಿನ ಮೇಲಿಟ್ಟರು. ಎರಡಕ್ಕೂ ಹೆಚ್ಚು ಫರಕು ಇರಲಿಲ್ಲ. ಅವರು ಜೊತೆಗೆ ತಂದಿದ್ದ ನಮ್ಮ ಟ್ಯಾಬಿನಲ್ಲಿ ಅದೇ ಫೋಟೋದ ಮೇಲಿಟ್ಟರೆ ಎಳೆ ಕಪ್ಪಗೆ ಕಂಡಿತು.

"ನನ್ನ ತಪ್ಪ. ಎಳಿ ತರಸಬೇಕಿತ್ತು," ಎಂದರು.

ಅಷ್ಟಕ್ಕೆ ಬಿಟ್ಟಿದ್ದರೆ ಅದು ಅವರ ತಪ್ಪಾಗಿಯೇ ಉಳಿಯುತ್ತಿತ್ತು. ನಾನು ಮೇಜಿನ ಮೇಲಿನ ಎರಡೂ ಟ್ಯಾಬುಗಳ ಸೆಟ್ಟಿಂಗ್ ತೆರೆದು, ಏನು ಮಾಡಿದ್ದೆ ಎಂದು ತೋರಿಸಿ ಹೇಳಿದೆ. ಅವರು ಎಳೆಯ ಚೀಟಿಯನ್ನು ಮಡಚಿ ಗಂಟಿಗೆ ಸೇರಿಸಿದರು.

"ಕಾಕಾಗ ನಾ ಹೊಲಸು ಹೊಲಸು ಬೈದು ಬಂದೇನಿ ತಮ್ಮಾ. ಬಣ್ಣ ಕೆಡಿಸಿದ್ಯಂತ. ಮೊದಲು ಅವಂಗ ಹೇಳಿ ಬಾ."

ಎಂಟೂ ಸೀರೆ ನಾನೇ ಇಟ್ಟುಕೊಳ್ಳುತ್ತೇನೆ ಎಂದೆ. ಅವರು ಗಂಟು ಎತ್ತಿಕೊಂಡು ಹೋದರು.

ಕಾಕಾ ಹಂಡೆಯ ಮುಂದೆ ಮೊಣಕೈವರೆಗೆ ಕೆಂಪಾಗಿ ನಿಂತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿದರು. "ಬಿಸಿಲಿಗೆ ಹಿಡದು ನೋಡವಾ, ಇದು ಅಜ್ಜಿ ಸೀರಿ ಕೆಂಪಲ್ಲ ಅಂದಿದ್ದೆ. ಕಾಜಿನ್ಯಾಗ ಬಣ್ಣ ನೋಡೂ ಕಾಲ ಬಂದೈತಿ ಕಾಕಾ ಅಂದ್ಳು. ಅಕಿ ಮಾತಲ್ಲ ಅದು, ಯಾರೋ ಕಲಿಸ್ಯಾರ ಅನಸಿತ್ತು." ಮತ್ತೆ ಲಡಿಯನ್ನು ಹಂಡೆಯಲ್ಲಿ ಅದ್ದಿದರು.

ಪುಣೆಯವಳು ಕೆಲಸವನ್ನು ಬೇರೆಯವರಿಗೆ ಕೊಟ್ಟಳು. ಅಕ್ಕ ಫೋನು ಮಾಡಿ, ಎಳೆ ಬಂದಿದೆ, ಬೇರೆ ನೇಯ್ದು ಕೊಡುತ್ತೇನೆ ಎಂದು ಕೇಳಿಕೊಂಡರಂತೆ. ಮದುವೆ ಹತ್ತಿರ ಬಂತು, ಇನ್ನು ಆಗದು ಎಂದಳಂತೆ.

ಹಾಳೆ ತುಂಬಿ ಕೊಟ್ಟು ಬಾಗಲಕೋಟೆಯಿಂದ ಬಂದ ಮರುದಿನ ಅಕ್ಕನ ಮನೆಗೆ ಹೋದೆ. ನಾದಿನಿಯ ಮಗ್ಗ ಇರಲಿಲ್ಲ. ಅದರ ಕುಣಿಯ ಮೇಲೆ ಕಲ್ಲಿನ ಹಾಸು ಮುಚ್ಚಿ ಜೋಳದ ಡಬ್ಬಿ ಇಟ್ಟಿದ್ದರು. ನಾದಿನಿ ಪವರ್‌ಲೂಮಿನ ಶೆಡ್ಡಿಗೆ ನೂಲು ಸುತ್ತಲು ಹೋಗುತ್ತಿದ್ದಾಳೆ.

"ಅಲ್ಲೇ ಕುಂದರು ತಮ್ಮಾ," ಎಂದರು. ಡಬ್ಬಿಯ ಪಕ್ಕ ಆ ಹಾಸಿನ ಮೇಲೆಯೇ ಕೂತೆ.

ಕೈ ನಿಲ್ಲಿಸದೆ ಕೇಳಿದರು: "ಈಗ ಅಂಗಡ್ಯಾಗ ಎರಡೂ ಒಂದ ನಮೂನಿ ಇಟ್ಟೀ?"

"ಹೂಂರಿ. ಎರಡರ ಸೆಟ್ಟಿಂಗೂ ತಗದೇನಿ."

"ಯಾವ್ದು ಹೋಗತೈತಿ?"

"ಆ ದೊಡ್ಡ ಕಂಪನಿದು."

ಅವರು ತಲೆಯಾಡಿಸಿ ಲಾಳಿ ಎಸೆದರು. ಒಂದೇ ಮಗ್ಗದ ಸಪ್ಪಳ ಕೇಳುತ್ತ ಇನ್ನೂ ಸ್ವಲ್ಪ ಹೊತ್ತು ಅಲ್ಲಿ ಕೂತಿದ್ದೆ.