ಬೆನ್ನ ಮೇಲೊಂದು ಅಟ್ಟದ ಕಾಯಿ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ದಂಡಿನಶಿವರದ ಕೊಬ್ಬರಿ ವ್ಯಾಪಾರಿ ಪರಮಶಿವಯ್ಯನವರ ಗೋದಾಮಿನಲ್ಲಿ, ಮೇಲೆ ಅಟ್ಟದ ತುಂಬ ತೆಂಗಿನಕಾಯಿ ಮಲಗಿದ್ದರೆ ಕೆಳಗೆ ಜಮಖಾನದ ಮೇಲೆ ಏಳೆಂಟು ಮಂದಿ ಅಂಬೆಗಾಲಿನಲ್ಲಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ ದ್ರಾಕ್ಷಾಯಣಮ್ಮ ಒಬ್ಬೊಬ್ಬರ ಬೆನ್ನ ಮೇಲೂ ಬಟ್ಟೆಯ ಸಿಂಬಿ ಇಟ್ಟು, ಅದರ ಮೇಲೆ ಸುಲಿದ ಒಣಕಾಯಿ ಕೂರಿಸುತ್ತಾರೆ.

“ಬೆಕ್ಕು ಮೈ ಮುರಿಯೋ ಹಂಗೆ ಬೆನ್ನು ಮೇಲೇಳ್ಲಿ. ಉಸ್ರು ಬುಡ್ತಾ, ನಿಧಾನಕ್ಕೆ. ಕಾಯಿ ಸದ್ದು ಮಾಡ್ಬಾರ್ದು.”

ಇಲ್ಲಿಯ ಕಾಯಿಯನ್ನು ಬಿಸಿಲಿಗೆ ಹಾಕಿ ಒಣಗಿಸುವುದಿಲ್ಲ. ಹೆಚ್ಚುಕಡಿಮೆ ವರ್ಷವಿಡೀ ಅಟ್ಟದಲ್ಲಿ ಬಿಡುತ್ತಾರೆ. ಒಳಗಿನ ನೀರು ತಾನಾಗಿಯೇ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಮೆಲ್ಲಗೆ ಏಳುವ ಬೆನ್ನಿನ ಮೇಲೆ ಆ ಉಂಡೆ ನಿದ್ದೆ ಮಾಡುತ್ತದೆ. ಮೈ ಎಗರಿಸಿದರೆ ಚಾಡಿ ಹೇಳುತ್ತದೆ.

ಲೊಡಕ್.

“ವನಜಾಕ್ಷಿ, ನಿನ್ನ ಬಸ್ಸು ಇನ್ನೂ ಬಂದಿಲ್ಲ ಕಣೇ.”

“ನಂದಲ್ಲ ಕಣಕ್ಕ, ಸಾವ್ಕಾರ್ರದು,” ಎನ್ನುತ್ತಾಳೆ ತುರುವೇಕೆರೆಯ ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವ ವನಜಾಕ್ಷಿ.

“ಅಟ್ಟದಿಂದ ಬಂತು. ಇಲಿ ಇರ್ಬೇಕು,” ಎಂದು ಪರಮಶಿವಯ್ಯ ನೆಲ ನೋಡುತ್ತಲೇ ಹೇಳುತ್ತಾರೆ.

ದ್ರಾಕ್ಷಾಯಣಮ್ಮನ ಕಸುಬು ರವಿಕೆ ಹೊಲಿಯುವುದು. ಮದುವೆಯ ತಿಂಗಳುಗಳಲ್ಲಿ ಉಣ್ಣುವುದಕ್ಕೂ ಮಿಷನ್ನು ಬಿಟ್ಟೇಳದೆ ವರ್ಷಾನುಗಟ್ಟಲೆ ಕೂತವರು. ಒಂದು ಬೆಳಿಗ್ಗೆ ಬಿದ್ದ ಸೂಜಿ ಎತ್ತಿಕೊಳ್ಳಲು ಬಗ್ಗಿದವರಿಗೆ ಮೇಲೇಳಲು ಆಗಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ, ಮೂಳೆಗೇನೂ ಆಗಿಲ್ಲ, ಕೂತು ಕೂತು ಮೈ ಕಟ್ಟಿದೆ ಎಂದರು. ತಿಪಟೂರಿನ ಒಬ್ಬ ಯೋಗದ ಮೇಡಂ ಬಳಿ ಹೋಗಿ ಹಗುರವಾದ ಆಸನಗಳನ್ನು ಕಲಿತರು. ಸಿಂಬಿ, ಕಾಯಿ ಮಾತ್ರ ಅವರದೇ ಸೇರ್ಪಡೆ. ಕಾಲು ಜೋಮು ಹಿಡಿಯುತ್ತದೆ ಎಂದವರನ್ನು ಈಗಲೂ ಜಮಖಾನದ ಮೇಲೆ ಕೂರಿಸುವುದಿಲ್ಲ. ಮೊದಲು ಡಾಕ್ಟರ ಹತ್ತಿರ ಅಟ್ಟುತ್ತಾರೆ.

ಪರಮಶಿವಯ್ಯನವರು ಬಂದದ್ದು ಬೇರೆ ಸಂಕಟಕ್ಕೆ. ಕೊಬ್ಬರಿ ಮಂಡಿಯ ಗಾದಿಯ ಮೇಲೆ ದಿಂಬಿಗೊರಗಿಯೇ ವಯಸ್ಸು ಕಳೆದ ಅವರಿಗೆ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂರಲಾಗದೆ, ಲಿಂಗಪೂಜೆಯನ್ನು ಕುರ್ಚಿಯ ಮೇಲೆ ಮಾಡುವ ಗತಿ ಬಂದಿತ್ತು. ಶಿವ ಬೇಡ ಅನ್ನುವುದಿಲ್ಲ, ಅದು ಅವರಿಗೂ ಗೊತ್ತು. ಆದರೆ ಅಪ್ಪ ಕೂರುತ್ತಿದ್ದ ಹಲಸಿನ ಮಣೆ ಎದುರಿಗೇ ಗೋಡೆಗೊರಗಿ ನಿಂತಿರುತ್ತಿತ್ತು. “ಅದು ದಿನಾ ನನ್ನೇ ನೋಡ್ತದೆ ತಾಯಿ,” ಎಂದಿದ್ದರು.

ಮಡಿಸಿದ ಗೋಣಿಚೀಲಗಳ ಎತ್ತರದ ಪೀಠದ ಮೇಲೆ ಅವರನ್ನು ಕೂರಿಸಿ, ಬೆನ್ನು ಒಪ್ಪಿದಂತೆಲ್ಲ ಒಂದೊಂದೇ ಚೀಲ ತೆಗೆಯುವುದು ದ್ರಾಕ್ಷಾಯಣಮ್ಮನ ಲೆಕ್ಕ. ಸಾವುಕಾರರಿಗೆ ತಡೆಯಲಿಲ್ಲ. ಶ್ರಾವಣದ ಮೊದಲ ಸೋಮವಾರ ಯಾರಿಗೂ ಹೇಳದೆ ಬರೀ ಮಣೆಯ ಮೇಲೆ ಕೂತರು. ಪೂಜೆಯೇನೋ ಮುಗಿಯಿತು, ಏಳಲಾಗಲಿಲ್ಲ. ಹೆಂಡತಿ ಕಲ್ಲಮ್ಮ ಬೀದಿಗೆ ಕೇಳುವ ಹಾಗೆ ಅಂದರು: “ರವಿಕೆ ಹೊಲಿಯೋಳ ಕೈಗೆ ಬೆನ್ನು ಕೊಟ್ರೆ ಇನ್ನೇನಾಗ್ತದೆ.” ಮಾರನೆಯ ದಿನ ಗೋದಾಮಿನ ಬೀಗ ತೆರೆಯಲಿಲ್ಲ. ಕಲಿಯಲು ಬರುತ್ತಿದ್ದವರೂ ಮುಖ ತಪ್ಪಿಸಿದರು.

ದ್ರಾಕ್ಷಾಯಣಮ್ಮ ವಾದಕ್ಕೆ ಇಳಿಯಲಿಲ್ಲ. ಸಾವುಕಾರರನ್ನು ನೋಡಿದ ಡಾಕ್ಟರು ಸರಿ ಎಂದ ಮೇಲೆ ಅವರ ಮನೆಗೇ ಹೋಗಿ, ಕಲ್ಲಮ್ಮನ ಕಣ್ಣೆದುರಿಗೇ ಅವರನ್ನು ಅಂಗಾತ ಮಲಗಿಸಿ, ಮಂಡಿ ಮಡಿಸಿ, ಬರೀ ಉಸಿರಾಡಿಸಿದರು. ದಿನವೂ ಅಷ್ಟೇ. ಹೊರಡುವಾಗ ಒಂದೇ ಮಾತು ಕೇಳಿದ್ದು: “ಅಟ್ಟದ ಕಾಯಿನ ಆತುರಕ್ಕೆ ಇಳಿಸಿ ಒಡೆದ್ರೆ ಏನಾಗ್ತದೆ ಸಾವ್ಕಾರ್ರೆ?”

“ಅತ್ಲಾಗೆ ಕಾಯೂ ಅಲ್ಲ, ಇತ್ಲಾಗೆ ಕೊಬ್ರಿನೂ ಅಲ್ಲ,” ಎಂದು ತಮಗೇ ಹೇಳಿಕೊಂಡಂತೆ ಅಂದರು ಪರಮಶಿವಯ್ಯ. ಬೀಗ ಮತ್ತೆ ತೆರೆಯಿತು.

ಹಿಂದಿನ ಕಾಲದವರಿಗೆ ಬೆನ್ನುನೋವೇ ಇರಲಿಲ್ಲ ಎಂದು ಯಾರಾದರೂ ಅಂದರೆ ದ್ರಾಕ್ಷಾಯಣಮ್ಮ ನಗುತ್ತಾರೆ. “ಇತ್ತು ಕಣಮ್ಮ. ಹೇಳ್ಕೊಳ್ತಿರ್ಲಿಲ್ಲ.” ಅವರ ಅಜ್ಜಿ ನಿಂಗಮ್ಮ ದೀಪ ಹಚ್ಚುವ ಹೊತ್ತಿಗೆ ಚಾಪೆಯ ಮೇಲೆ ಬೋರಲು ಮಲಗಿ ಕರೆಯುತ್ತಿದ್ದರಂತೆ: ಬಾ ಕೂಸೆ, ಬೆನ್ನು ತುಳಿ, ಕಥೆ ಹೇಳ್ತೀನಿ. ಗೋಡೆ ಹಿಡಿದು ಪುಟ್ಟ ಪಾದಗಳು ಬೆನ್ನುದ್ದಕ್ಕೂ ನಡೆಯುತ್ತಿದ್ದರೆ ಏಳು ಸಮುದ್ರದಾಚೆಯ ರಾಜಕುಮಾರಿ ಒಂದೊಂದೇ ಸಮುದ್ರ ದಾಟುತ್ತಿದ್ದಳು. ಕೆಲವು ಸಂಜೆ ಕಥೆ ಮುಗಿಯುತ್ತಲೇ ಇರಲಿಲ್ಲ. ನೋವು ಹೆಚ್ಚಾದ ದಿನ ಸಮುದ್ರಗಳೂ ಹೆಚ್ಚುತ್ತಿದ್ದವು ಎಂಬುದು ಹೊಳೆದದ್ದು ತಮ್ಮ ಬೆನ್ನು ಹಿಡಿದ ಮೇಲೆ.

ಇಂದು ಕಾರ್ತಿಕ ಸೋಮವಾರ. ಗೋದಾಮಿನಲ್ಲಿ ಪರಮಶಿವಯ್ಯನವರ ಕೆಳಗೆ ಉಳಿದಿರುವುದು ಒಂದೇ ಗೋಣಿ. “ಇದನ್ನೂ ತೆಗೆದ್ಬುಡ್ಲಾ?” ಎನ್ನುತ್ತಾರೆ. “ಇರ್ಲಿ ಬುಡಿ. ಮಣೆ ಮೇಲೆ ಮಡಿಸಿ ಹಾಕ್ಕಳಿ. ಶಿವ ಗೋಣಿ ಎತ್ತಿ ನೋಡಕ್ಕಿಲ್ಲ.”

ಹೊತ್ತೇರಿದ ಮೇಲೆ ದ್ರಾಕ್ಷಾಯಣಮ್ಮ ಮಿಷನ್ನಿನ ಮುಂದೆ ಕೂತಿದ್ದಾರೆ. ಕಲ್ಲಮ್ಮ ಬಂದು ಒಂದು ರವಿಕೆ ಕಣ ಮುಂದಿಡುತ್ತಾರೆ. ಹಣೆಯ ವಿಭೂತಿ ಇನ್ನೂ ಹಸಿ.

“ಕೂತ್ರು ಕಣೇ,” ಎನ್ನುತ್ತಾರೆ. “ಯಾರ ಕೈನೂ ಹಿಡೀದೆ ಎದ್ರು.”

ದ್ರಾಕ್ಷಾಯಣಮ್ಮ ಅಳತೆಗೆಂದು ಟೇಪು ಬಿಚ್ಚುತ್ತಾರೆ. ನಿನಗೇನಾದರೂ ಆಸೆ ಇದೆಯೇನೇ ಎಂದು ಕಲ್ಲಮ್ಮ ಕೇಳಿದರೆ, ಟೇಪನ್ನು ಬೆರಳಿಗೆ ಸುತ್ತುತ್ತ ಹೇಳುತ್ತಾರೆ:

“ನಮ್ಮಜ್ಜಿ ಬೆನ್ನ ಮೇಲೆ ಒಂದ್ಸಲ ಆ ಕಾಯಿ ಇಡ್ಬೇಕಿತ್ತು. ಆಮೇಲೆ, ನೋವಿಲ್ದೆ ಹೇಳೋ ಕಥೆ ಹೆಂಗಿರ್ತದೆ ಅಂತ ಕೇಳ್ಬೇಕಿತ್ತು.”