ಹತ್ತೊಂಬತ್ತನೆಯ ದಿನದ ಹುಳಿಹಿಟ್ಟು

ಅದು ೨೦೨೧ರ ಫೆಬ್ರವರಿ. ಐರ್ಲೆಂಡಿನ ಆಡಮ್ಸ್‌ಟೌನ್‌ನ ಒಂದು ಬಾಡಿಗೆ ಮನೆಯಲ್ಲಿ ನನ್ನ ಹುದ್ದೆ ಗೃಹಿಣಿ. ಅನುಭವ ಹದಿನೆಂಟು ವರ್ಷ. ಬೆಳಿಗ್ಗೆ ಹತ್ತರ ಹೊತ್ತಿಗೆ ಬೀನ್ಸ್‌ನ ನಾರು ತೆಗೆಯುತ್ತ ಕೂತಿದ್ದೆ. ಮಹಡಿಯ ಕೋಣೆಯಲ್ಲಿ ಆಫೀಸಿನ ಕೆಲಸ ಮಾಡುತ್ತಿದ್ದ ನಮ್ಮ ಯಜಮಾನರು ಇಳಿದು ಬಂದು ಅಡುಗೆಮನೆಯ ಬಾಗಿಲಲ್ಲೇ ನಿಂತರು.

"ಅಣ್ಣ ಹೋಗ್ಬಿಟ್ಟ ಕಣೇ," ಅಂದರು.

ಭಾವನವರು ಆರು ದಿನದಿಂದ ಕೊರೊನಾ ಬಂದು ಮೈಸೂರಿನ ಆಸ್ಪತ್ರೆಯಲ್ಲಿದ್ದರು. ಇಲ್ಲಿ ಲಾಕ್‌ಡೌನ್, ಅಲ್ಲಿಗೆ ಹೋಗುವ ಮಾತೇ ಇರಲಿಲ್ಲ. ಯಜಮಾನರು ಅಷ್ಟು ಹೇಳಿ ಫೋನ್ ಹಿಡಿದು ಮತ್ತೆ ಮೇಲೆ ಹೋದರು. ನಾನು ನನ್ನ ಕೆಲಸ ಶುರುಮಾಡಿದೆ.

ನಮ್ಮಲ್ಲಿ ದಾಯಾದಿಗಳು ತೀರಿಕೊಂಡ ಸುದ್ದಿ ಬಂದರೆ ಸೂತಕ. ಮಾಡಿಟ್ಟ ಅಡುಗೆ, ತುಂಬಿಟ್ಟ ನೀರು ಎಲ್ಲ ಚೆಲ್ಲಿ ತಲೆಗೆ ಸ್ನಾನ ಮಾಡಬೇಕು. ಹಿಂದಿನ ದಿನದ ಸಾರು, ಆಗಷ್ಟೇ ಇಳಿಸಿದ್ದ ಅನ್ನ, ಎಲ್ಲವನ್ನೂ ಒಯ್ದು ಹೊರಗಿನ ಬ್ರೌನ್ ಬಿನ್‌ಗೆ ಸುರಿದೆ. ಈ ಊರಿನಲ್ಲಿ ಅಡುಗೆಮನೆ ಕಸಕ್ಕೆ ಬೇರೆ ಕಂದು ತೊಟ್ಟಿ ಇರುತ್ತದೆ. ಆಮೇಲೆ ಸ್ನಾನಕ್ಕೆ ಟವೆಲ್ ತೆಗೆಯಲು ಹಾಟ್ ಪ್ರೆಸ್ ಬಾಗಿಲು ತೆರೆದೆ. ಬಿಸಿನೀರಿನ ಸಿಲಿಂಡರ್ ಇರುವ ಕಪಾಟು ಅದು. ಮೇಲಿನ ಹಲಗೆಯಲ್ಲಿ ಬಟ್ಟೆ ಬೆಚ್ಚಗಿರುತ್ತವೆ. ಅಲ್ಲಿ ಮಗಳ ಜಾಡಿ ಕೂತಿತ್ತು.

ಮಗಳು ಶ್ರಾವ್ಯಾಗೆ ಆಗ ಹದಿನಾರು. ಅವಳಿದ್ದದ್ದು ಟ್ರಾನ್ಸಿಷನ್ ಇಯರ್‌ನಲ್ಲಿ, ಅಂದರೆ ದೊಡ್ಡ ಪರೀಕ್ಷೆಯಿಲ್ಲದೆ ಪ್ರಾಜೆಕ್ಟ್‌ಗಳಲ್ಲೇ ಕಳೆಯುವ ವರ್ಷದಲ್ಲಿ. ಅವಳ ಸಂಶೋಧನೆ ಬ್ರೆಡ್ ಮೇಲೆ: ಅಂಗಡಿಯ ಯೀಸ್ಟ್ ಹಾಕಿದ ಬ್ರೆಡ್ಡು ಹೆಚ್ಚು ಉಬ್ಬುತ್ತದೋ, ಮನೆಯಲ್ಲೇ ಬೆಳೆಸಿದ ಸ್ಟಾರ್ಟರ್ ಹಾಕಿದ್ದೋ? ಸ್ಟಾರ್ಟರ್ ಅಂದರೆ ಬೇರೇನಲ್ಲ, ಗೋಧಿಹಿಟ್ಟು ನೀರು ಕಲಸಿ, ದಿನಾ ಹೊಸ ಹಿಟ್ಟು ಉಣಿಸಿ ಹುಳಿ ಬರಿಸಿದ್ದು. ಇಪ್ಪತ್ತೊಂದು ದಿನ ಅದನ್ನು ಸಾಕಬೇಕು, ಬೆಳಿಗ್ಗೆ ಸಂಜೆ ಸ್ಕೇಲ್ ಇಟ್ಟು ಎಷ್ಟು ಮಿಲಿಮೀಟರ್ ಏರಿತೆಂದು ಬರೆಯಬೇಕು, ಕೊನೆಯ ದಿನ ಎರಡೂ ಬ್ರೆಡ್ಡನ್ನು ಒಂದೇ ಒವನ್‌ನಲ್ಲಿ ಸುಟ್ಟು ಅಳೆಯಬೇಕು. ಕ್ಲಾಸಿನಿಂದ ಒಂದೇ ಒಂದು ಪ್ರಾಜೆಕ್ಟ್ ಡಬ್ಲಿನ್‌ನ ಸ್ಪರ್ಧೆಗೆ ಹೋಗುವುದಿತ್ತು. ಆನ್‌ಲೈನ್ ಕ್ಲಾಸಿನಲ್ಲಿ ಬಾಯೇ ಬಿಡದ ಹುಡುಗಿ ಟೀಚರ್‌ಗೆ ತಾನಾಗಿ ಬರೆದು "ಈ ಸಲ ನಂದೇ ಹೋಗ್ಬೇಕು" ಅಂದಿದ್ದಳು.

ಅಂದು ಹತ್ತೊಂಬತ್ತನೆಯ ದಿನ.

ನಿಜ ಹೇಳಿಬಿಡುತ್ತೇನೆ. ಅದರ ಹಿಂದಿನ ವಾರ ಆ ಹಿಟ್ಟು ಉಕ್ಕಿ ಯಜಮಾನರ ಮಡಿ ಪಂಚೆಯ ಮೇಲೆ ಸುರಿದಿತ್ತು. ಮನೆಯೆಲ್ಲ ಹುಳಿ ವಾಸನೆ. ಆ ಸಿಟ್ಟು ನನ್ನೊಳಗೆ ಕೂತಿತ್ತು. ಈಗ ಸಿಟ್ಟಿಗೆ ಶಾಸ್ತ್ರ ಸಿಕ್ಕಿತು. ಜಾಡಿಯನ್ನು ಒಯ್ದು ಸಾರು ಅನ್ನದ ಮೇಲೆ ಬಗ್ಗಿಸಿದೆ. ಅಷ್ಟಕ್ಕೇ ಬಿಡಲಿಲ್ಲ, ಜಾಡಿಗೆ ಕುದಿಯುವ ನೀರು ಹಾಕಿ ತಿಕ್ಕಿ ಬೋರಲು ಹಾಕಿದೆ.

ಕ್ಲಾಸ್ ಮುಗಿಸಿ ಇಳಿದು ಬಂದವಳು ಮೊದಲು ನೋಡಿದ್ದು ಆ ಜಾಡಿಯನ್ನೇ. ಚಮಚ ಹಿಡಿದು ಹೊರಗೆ ಓಡಿದಳು. ಬ್ರೌನ್ ಬಿನ್‌ನೊಳಗೆ ಕೈ ಹಾಕಿ ನೋಡಿ, ಬರಿಗೈಯಲ್ಲಿ ವಾಪಸ್ ಬಂದಳು. ಮುಂಗೈಗೆಲ್ಲ ಸಾರು ಮೆತ್ತಿತ್ತು. ಕೋಪ ಬಂದರೆ ಐರಿಷ್ ಧಾಟಿಯ ಇಂಗ್ಲಿಷ್‌ನಲ್ಲಿ ಕೂಗುವ ಹುಡುಗಿ, ಅಂದು ಕನ್ನಡದಲ್ಲಿ ಮೆಲ್ಲಗೆ ಕೇಳಿದಳು:

"ಯಾಕಮ್ಮ?"

"ದೊಡ್ಡಪ್ಪ ಹೋಗಿಬಿಟ್ರು. ಸೂತಕ. ಕಲಸಿಟ್ಟಿದ್ದು ಮನೇಲಿರಬಾರದು."

ಅವಳು ಸಿಂಕಿನಲ್ಲಿ ಕೈ ತೊಳೆದುಕೊಂಡಳು. ದೊಡ್ಡಪ್ಪ ಅಂದರೆ ಅವಳಿಗೂ ಪ್ರಾಣ. ಆಮೇಲೆ ಫ್ರಿಜ್ ತೆಗೆದು ನನ್ನ ಹೆಪ್ಪಿನ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಮೂರು ವರ್ಷದ ಹಿಂದೆ ಬೆಂಗಳೂರಿನಿಂದ ಹೊಸ ಕರವಸ್ತ್ರದಲ್ಲಿ ಹೆಪ್ಪು ಒಣಗಿಸಿಕೊಂಡು ತಂದು, ಹಾಲಿಗದ್ದಿ ಜೀವ ಬರಿಸಿದ್ದು ಅದು. ಆವತ್ತಿನಿಂದ ಒಂದು ದಿನವೂ ತಪ್ಪಿಸಿರಲಿಲ್ಲ.

"ಇದನ್ನ ಯಾಕೆ ಎಸೀಲಿಲ್ಲ?"

"ಹಾಲು ಮೊಸರಿಗೆ ದೋಷ ಇಲ್ಲ ಕಣೇ."

"ಎರಡೂ ಒಂದೇ ತರಹದ್ದು ಅಮ್ಮ. ಎರಡೂ ಜೀವ ಇರೋದು. ನಿಂದು ಉಳ್ಕೊಂತು, ನಂದು ಸತ್ತೋಯ್ತು."

ನಾನು ಹೊಡೆದೆ. ಸ್ನಾನ ಮಾಡಿ ಒದ್ದೆ ಕೂದಲಲ್ಲಿ ನಿಂತು, "ಮನೇಲಿ ಸಾವಾಗಿದೆ, ನಿನಗೆ ಹುಳಿಹಿಟ್ಟಿನ ಚಿಂತೆ!" ಎಂದು ಕೆನ್ನೆಗೆ ಬಾರಿಸಿದೆ. ಸದ್ಯ, ಕಣ್ಣಿಗೆ ಬೀಳಲಿಲ್ಲ. ಆ ದಿನದಲ್ಲಿ ದೇವರು ನನ್ನ ಮೇಲೆ ತೋರಿಸಿದ ದಯೆ ಅದೊಂದೇ.

ಗಲಾಟೆಗೆ ಯಜಮಾನರು ಇಳಿದು ಬಂದರು. ಅತ್ತು ಅವರ ಕಣ್ಣು ಊದಿಕೊಂಡಿದ್ದವು. ನಡೆದದ್ದನ್ನು ಕೇಳಿ, "ಈಗಷ್ಟೇ ಪುರೋಹಿತರ ಹತ್ರ ಮಾತಾಡ್ದೆ. ಬೇಯಿಸಿದ್ದು, ತುಂಬಿಟ್ಟ ನೀರು ಚೆಲ್ಲಿದ್ರೆ ಸಾಕು ಅಂದ್ರು. ಮಗು ಸ್ಕೂಲಿನ ವಸ್ತು ಊಟ ಹೇಗಾಗುತ್ತೆ? ಒಂದು ಮಾತು ಕೇಳೋಕೆ ನಿಂಗೇನಾಗಿತ್ತು?" ಅಂದರು. ಮಧ್ಯಾಹ್ನ ನಾಲ್ಕು ನಿಮಿಷದ ವಿಡಿಯೋದಲ್ಲಿ ಭಾವನವರ ಕೊನೆಯ ಕಾರ್ಯ ನೋಡಿದೆವು. ಮೂವರೂ ಒಂದೇ ಸೋಫಾದಲ್ಲಿ ಕೂತಿದ್ದರೂ ಶ್ರಾವ್ಯಾ ಅಪ್ಪನ ಆ ಕಡೆಗೆ ಕೂತಿದ್ದಳು.

ಹೊಸ ಸ್ಟಾರ್ಟರ್‌ಗೆ ಮತ್ತೆ ಮೂರು ವಾರ ಬೇಕು. ವರದಿ ಕೊಡಲು ಉಳಿದದ್ದು ನಾಲ್ಕು ದಿನ. ಟೀಚರ್‌ಗೆ ಬರೆದಳು. ಗಡುವು ಎಲ್ಲರಿಗೂ ಒಂದೇ, ಏನಾಯಿತೋ ಅದನ್ನೇ ಬರಿ ಎಂದು ಉತ್ತರ ಬಂತು. ಮಾರನೆಯ ದಿನ ನಾನೇ ಹೋಗಿ ಅವಳ ಮೇಜಿನ ಪಕ್ಕ ನಿಂತೆ.

"ಎರಡು ದಿನದ ಅಳತೆ ತಾನೇ, ಪುಟ್ಟಿ? ಅಂದಾಜಲ್ಲಿ ಬರ್ಕೊ. ಬ್ರೆಡ್ಡೂ ಇಷ್ಟು ಉಬ್ಬಿತು ಅಂತ ಬರ್ದುಬಿಡು. ಯಾರು ನೋಡ್ತಾರೆ?"

ಅವಳು ನನ್ನ ಹಣೆಯ ಕುಂಕುಮ ನೋಡಿದಳು. "ದಿನಾ ದೇವರ ಮುಂದೆ ಕೂರೋಳು ನೀನು," ಅಂದು ತಿರುಗಿ ಕೂತಳು. ಹೊಡೆತಕ್ಕಿಂತ ಜೋರಾಗಿತ್ತು ಅದು.

ವರದಿ ಓದುವ ದಿನ ನಾನು ಮಹಡಿಯ ಸಣ್ಣ ಹಜಾರದಲ್ಲಿ ಟವೆಲ್ ಮಡಿಸುತ್ತಿದ್ದೆ. ಅವಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವಳು ಒಂದೊಂದೇ ಅಂಕಿ ಓದಿದಳು. ನಂತರ ಇಂಗ್ಲಿಷಿನಲ್ಲಿ, ಅಂಗಡಿ ಚೀಟಿ ಓದಿದಷ್ಟು ಸಪ್ಪಗೆ: "ಹತ್ತೊಂಬತ್ತನೆಯ ದಿನ ಮನೆಯ ಸದಸ್ಯರೊಬ್ಬರು ಮಾದರಿಯನ್ನು ಎಸೆದರು. ಕಾರಣ: ಧಾರ್ಮಿಕ. ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ."

"ನಿಮ್ಮಮ್ಮ ಬಿನ್‌ಗೆ ಹಾಕಿದ್ಲಾ? ದೇವರಿಗೋಸ್ಕರ?" ಎಂದಿತು ಲ್ಯಾಪ್‌ಟಾಪಿನಿಂದ ಒಂದು ಹುಡುಗಿಯ ದನಿ. ನಾಲ್ಕಾರು ಜನ ನಕ್ಕರು. ಟೀಚರ್ "ಗ್ರ್ಯಾಂಡ್, ಮುಂದಿನವರು" ಅಂದರು. ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಅಂದರೆ 'ಆಯ್ತು, ಸರಿ' ಅಂತ ಅಷ್ಟೇ. ಸ್ಪರ್ಧೆಗೆ ಬೇರೆಯವರ ಪ್ರಾಜೆಕ್ಟ್ ಹೋಯಿತು.

ಕ್ಲಾಸ್ ಮುಗಿದ ಮೇಲೆ ಒಳಗೆ ಹೋಗಿ ಕೇಳಿದೆ: "ದೊಡ್ಡಪ್ಪ ಹೋಗಿದ್ದು ಯಾಕೆ ಹೇಳಲಿಲ್ಲ? ಹೇಳಿದ್ರೆ ಯಾರೂ ನಗ್ತಿರಲಿಲ್ಲ."

"ದೊಡ್ಡಪ್ಪನ ಸಾವನ್ನ ಮಾರ್ಕ್ಸ್‌ಗೆ ಉಪಯೋಗಿಸ್ಕೊಳ್ಳಲಾ? ಅದು ನಂಗೆ ಬರಲ್ಲ ಅಮ್ಮ." ಲ್ಯಾಪ್‌ಟಾಪ್ ಮುಚ್ಚಿದಳು.

ಆ ಸಾವನ್ನು ಉಪಯೋಗಿಸಿಕೊಂಡವಳು ನಾನು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಹೇಳಿಸಿಕೊಳ್ಳದೆ ಆಚೆ ಬಂದೆ.

ಹದಿನೆಂಟು ವರ್ಷದ ಉದ್ಯೋಗದಲ್ಲಿ ಮನೆಯನ್ನು ಶುದ್ಧ ಮಾಡುವುದನ್ನು ಚೆನ್ನಾಗಿ ಕಲಿತಿದ್ದೆ. ಮನೆಯಲ್ಲಿ ಯಾವುದು ಯಾರದ್ದೆಂದು ಕೇಳುವುದನ್ನು ಕಲಿತಿರಲಿಲ್ಲ. ದೇವರು ಕೇಳದ್ದನ್ನು ದೇವರ ಹೆಸರಿನಲ್ಲಿ ಎಸೆದರೆ ಪುಣ್ಯ ನಮ್ಮ ಲೆಕ್ಕಕ್ಕೆ ಬರುವುದಿಲ್ಲ, ನಷ್ಟ ಮಾತ್ರ ಇನ್ನೊಬ್ಬರದ್ದಾಗುತ್ತದೆ. ಈ ಪಾಠಕ್ಕೆ ಶುಲ್ಕ ಕೊಟ್ಟದ್ದೂ ನಾನಲ್ಲ.

ಬಚ್ಚಲಿನ ಜಾಲರಿಗೆ ಕೂದಲು ಸಿಕ್ಕಿ ನೀರು ನಿಂತಿತ್ತು. ಸೀರೆ ಎತ್ತಿ ಸಿಕ್ಕಿಸಿ, ಕುಕ್ಕರಗಾಲಲ್ಲಿ ಕೂತು ಅದನ್ನು ಬಿಡಿಸತೊಡಗಿದೆ.