ಮೂಸಿ ನೋಡಿ ಹತ್ತಿ

ಹೊಲಿಗೆ ಮೆಷಿನ್ ರಿಪೇರಿ ನನ್ನ ಕೆಲಸ. ಮರ್ಕಂಜದ ಟೈಲರಮ್ಮ ಒಬ್ಬರು ಕರೆದರೆಂದು ಒಂದು ಬೆಳಿಗ್ಗೆ ಸುಳ್ಯದಲ್ಲಿ ರಿಕ್ಷಾ ಹತ್ತಲು ಹೋದೆ. ಚಾಲಕರಿಗೆ ಐವತ್ತು ದಾಟಿರಬಹುದು. ಸ್ಟಾರ್ಟ್ ಮಾಡುವ ಬದಲು ನನ್ನ ಕಡೆ ತಿರುಗಿ ಬಾಯಿ ತೆರೆದರು.

“ಮೊದಲು ಮೂಸಿ ನೋಡಿ ಸರ್. ಆಮೇಲೆ ಹತ್ತಿ.”

“ಎಂತ ಮೂಸುದು?”

“ನನ್ನ ಬಾಯಿ. ಮುಂಚೆ ತುಂಬ ಕುಡೀತಿದ್ದೆ. ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಿಟ್ಟು ನಾಲ್ಕು ವರ್ಷ ಆಯ್ತು. ಆದ್ರೂ ದಾರಿಯಲ್ಲಿ ಯಾರಾದ್ರೂ ನಾನು ಕುಡುಕ ಅಂತ ನಿಮ್ಮ ಕಿವಿಗೆ ಹಾಕ್ತಾರೆ, ನೀವು ಅರ್ಧದಲ್ಲೇ ಇಳಿದು ಹೋಗ್ತೀರಿ. ಹಾಗೆ ಇಳಿದವರು ಇದ್ದಾರೆ.”

“ನಾನು ಇಳಿಯುದಿಲ್ಲ ಮಾರಾಯ್ರೆ, ಹೋಗುವ,” ಎಂದು ಹತ್ತಿ ಕೂತೆ.

ಸ್ವಲ್ಪ ದೂರ ಹೋದ ಮೇಲೆ ಅವರೇ ಮಾತು ತೆಗೆದರು. ಈ ವರ್ಷ ತಮ್ಮ ಊರಿನ ಮಕ್ಕಳನ್ನು ಶಾಲೆಗೆ ಬಿಡುವ ಕೆಲಸ ಕೇಳಿದ್ದರಂತೆ. ಆ ಮಕ್ಕಳಲ್ಲಿ ಅವರ ಮೊಮ್ಮಗಳೂ ಇದ್ದಾಳೆ. ತಾಯಂದಿರು ಒಪ್ಪಲಿಲ್ಲ.

“ಒಮ್ಮೆ ಮೂಸಿ ನೋಡಿ ಅಂತ ನೀವು ಅವರ ಹತ್ರ ಕೇಳಬಹುದಿತ್ತು,” ಎಂದೆ.

“ಯಾರ ಹತ್ರ ಕೇಳುದು ಸರ್? ಮೊದಲು ಬೇಡ ಅಂದದ್ದು ನನ್ನ ಮಗಳೇ.”

ಮರ್ಕಂಜದಲ್ಲಿ ಟೈಲರಮ್ಮನ ಮನೆ ಮುಂದೆ ಇಳಿದು ಬಾಡಿಗೆ ಕೊಟ್ಟೆ.

ಹಿಂದಿನ ಸಂಜೆ ನೆಂಟರ ಮನೆಯಲ್ಲಿ ಮೂರು ಗ್ಲಾಸ್ ಬ್ರಾಂದಿ ಇಳಿಸಿದ್ದವ ನಾನು. ಟೈಲರಮ್ಮ “ಒಳಗೆ ಬನ್ನಿ ಸರ್” ಎಂದು ಕರೆದು, ಕುರ್ಚಿ ಹಾಕಿ ಚಹಾ ಕೊಟ್ಟರು.